ಅರ್ಧ ಮಾತ್ರೆ, ಪೂರ್ತಿ ರಾತ್ರಿ

ಮೆಟ್ಟಿಲು ಜಾರಿ ಬಿದ್ದು ಎರಡು ಪಕ್ಕೆಲುಬು ಮುರಿದುಕೊಂಡೆ. ಪ್ಲಾಸ್ಟರ್ ಹಾಕುವ ಜಾಗವಲ್ಲ ಅದು. ಕೆಮ್ಮು ಬಂದರೆ ದಿಂಬು ಅವುಚಿಕೊಂಡು ಕೆಮ್ಮಿ, ಆಗಾಗ ಆಳವಾಗಿ ಉಸಿರು ತೆಗೆದುಕೊಳ್ಳಿ, ನೋವಿಗೆ ಈ ಮಾತ್ರೆ ನುಂಗಿ ಅಂತ ಡಾಕ್ಟರು ಕಳಿಸಿದರು. ಆ ಮಾತ್ರೆ ಟ್ರಮಡಾಲ್. ತಲೆ ಸುತ್ತಬಹುದು ಅಂದಿದ್ದು ನೆನಪಿದೆ. ಹೊಟ್ಟೆ ಕಟ್ಟುತ್ತದೆ ಅಂತಲೂ ಹೇಳಿರಬೇಕು. ನೋವಿನಲ್ಲಿ ನನ್ನ ಕಿವಿಗೆ ಬೀಳಲಿಲ್ಲ.

ಮೊದಲ ಎರಡು ದಿನ ಕಕ್ಕಸಿಗೆ ಹೋಗಿಲ್ಲ ಅನ್ನುವುದು ಗಮನಕ್ಕೇ ಬರಲಿಲ್ಲ. ಮೂರನೇ ದಿನ ಬಂತು. ನಾಲ್ಕನೇ ದಿನ ಅದೇ ಯೋಚನೆಯಾಯಿತು. ಐದನೇ ದಿನ ಬೆಳಿಗ್ಗೆ ಕೂತು ತಿಣುಕಿದೆ. ಪಕ್ಕೆಲುಬು ಮುರಿದವರು ತಿಣುಕಬಾರದು ಅಂತ ಯಾರೂ ಹೇಳಬೇಕಾಗಿಲ್ಲ, ಪಕ್ಕೆಲುಬೇ ಹೇಳುತ್ತದೆ. ಕಣ್ಣಲ್ಲಿ ನೀರು ಬಂತು. ಹೊರಗೆ ಬಂದಿದ್ದು ಮೂರು ಸಣ್ಣ ಕಲ್ಲು. ಕಡಲೆಕಾಯಿ ಬೀಜದಷ್ಟು.

ನೋವಿನ ಮಾತ್ರೆ ಮೆದುಳಿನಲ್ಲಿ ಮಾತ್ರ ಕೆಲಸ ಮಾಡುತ್ತದೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಟ್ರಮಡಾಲ್, ಕೊಡೀನ್, ಮಾರ್ಫಿನ್ ಇವೆಲ್ಲ ಒಂದೇ ಬಳಗದವು. ಅವು ಹಿಡಿದುಕೊಳ್ಳುವ ಕೊಂಡಿಗಳು ಕರುಳಿನ ಗೋಡೆಯಲ್ಲೂ ಇವೆ. ಅಲ್ಲಿ ಹಿಡಿದುಕೊಂಡರೆ ಕರುಳಿನ ಓಡಾಟ ನಿಧಾನವಾಗುತ್ತದೆ. ಮಲ ಜಾಸ್ತಿ ಹೊತ್ತು ಒಳಗೇ ಕೂರುತ್ತದೆ. ಕೂತಷ್ಟು ಹೊತ್ತೂ ದೊಡ್ಡ ಕರುಳು ಅದರಿಂದ ನೀರು ಹೀರುತ್ತಲೇ ಇರುತ್ತದೆ. ಅದಕ್ಕೇ ಆ ಕಲ್ಲು.

ಇದೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಿದ್ದ ಒಂದೇ ಉಪಾಯ ಇಸಬ್ಗೋಲು. ಎರಡು ಚಮಚ ಇಸಬ್ಗೋಲನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿದೆ. ಪದೇ ಪದೇ ಮೂತ್ರಕ್ಕೆ ಏಳುವುದು ನೋವು ಅಂತ ನೀರನ್ನೂ ಕಡಿಮೆ ಮಾಡಿದ್ದೆ. ಮಾರನೇ ದಿನ ಹೊಟ್ಟೆ ತಮಟೆ ಆಯಿತು. ಇಸಬ್ಗೋಲು ನೀರು ಕುಡಿದು ಉಬ್ಬಿ ಮಲದ ಗಾತ್ರ ಹೆಚ್ಚಿಸುತ್ತದೆ. ಆ ಗಾತ್ರಕ್ಕೆ ಕರುಳು ಚುರುಕಾಗಬೇಕು, ಅದೇ ಅದರ ಲೆಕ್ಕ. ನನ್ನ ಕರುಳಿಗೋ ಟ್ರಮಡಾಲ್ ಬ್ರೇಕ್ ಹಾಕಿತ್ತು. ನಿಂತ ರಸ್ತೆಗೆ ಇನ್ನೆರಡು ಲಾರಿ ನುಗ್ಗಿಸಿದ ಹಾಗಾಯಿತು. ಇಂಥ ನೋವಿನ ಮಾತ್ರೆಯಿಂದ ಆದ ಮಲಬದ್ಧತೆಗೆ ಇಸಬ್ಗೋಲು ಸರಿಯಾದ ಆಯ್ಕೆಯೇ ಅಲ್ಲವಂತೆ.

ಆರನೇ ದಿನ ಸಂಜೆ ಭೇದಿ ಮಾತ್ರೆ ತರಿಸಿದೆ. ಬಿಸಾಕೊಡಿಲ್, 5 ಮಿ.ಗ್ರಾಂ. ಚೀಟಿ ಬೇಕಾಗಿರಲಿಲ್ಲ, ಕೇಳಿದ ತಕ್ಷಣ ಕೊಟ್ಟರಂತೆ. ಸಣ್ಣ ಹಳದಿ ಗುಂಡು, ಮೇಲೆ ನುಣುಪು ಹೊಳಪು. ಸ್ಟ್ರಿಪ್ಪಿನಲ್ಲಿ ಹತ್ತು.

ನಾನು ಔಷಧಿಗೆ ಹೆದರುವ ಮನುಷ್ಯ. ಮೊದಲ ಸಲ ಅಲ್ವಾ, ಅರ್ಧ ಸಾಕು ಅಂದುಕೊಂಡೆ. ಈ ಜಾಣತನವೇ ಮುಂದಿನದಕ್ಕೆಲ್ಲ ಕಾರಣ. ತಟ್ಟೆಯ ಮೇಲೆ ಮಾತ್ರೆ ಇಟ್ಟು ಚಾಕುವಿನಿಂದ ಒತ್ತಿದೆ. ಟಕ್ ಅಂತ ಒಂದು ಹೋಳು ಮೂಲೆಗೆ ಹಾರಿತು. ಹೆಕ್ಕಿ ತಂದು ನೋಡಿದರೆ ಒಳಗೆ ಬೆಳ್ಳಗಿನ ಪುಡಿ, ಸುತ್ತ ಕೂದಲೆಳೆಯಷ್ಟು ತೆಳು ಹಳದಿ ಸಿಪ್ಪೆ. ಆ ಸಿಪ್ಪೆ ಬಣ್ಣಕ್ಕೆ ಅಂದುಕೊಂಡೆ. ರಾತ್ರಿ ಒಂಬತ್ತೂವರೆಗೆ ಅರ್ಧ ನುಂಗಿದೆ.

ಹನ್ನೊಂದರ ಹೊತ್ತಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಶುರುವಾಯಿತು. ವಾಕರಿಕೆ ಬೇರೆ. ಉರಿ ಆರಲಿ ಅಂತ ಒಂದು ಲೋಟ ತಣ್ಣನೆ ಹಾಲು ಕುಡಿದೆ. ಹನ್ನೊಂದೂವರೆ ಆದರೂ ಬೇಕಾದದ್ದು ಆಗುವ ಲಕ್ಷಣವೇ ಇಲ್ಲ. ಅರ್ಧ ಸಾಲದು ಅಂತ ಒಂದು ಇಡೀ ಮಾತ್ರೆ ನುಂಗಿದೆ.

ಎರಡು ಗಂಟೆಗೆ ಎಚ್ಚರವಾಯಿತು. ಒದ್ದೆ ಬಟ್ಟೆ ಹಿಂಡುವ ಹಾಗೆ ಯಾರೋ ಹೊಟ್ಟೆಯನ್ನು ಹಿಂಡುತ್ತಿದ್ದರು. ಬರುವುದು, ಬಿಡುವುದು, ಮತ್ತೆ ಬರುವುದು. ಹೊಟ್ಟೆ ಹಿಂಡಿದಾಗ ಮೈ ತಾನಾಗಿ ಮುದುಡುತ್ತದೆ. ಮುದುಡಿದರೆ ಪಕ್ಕೆಲುಬು ಚುಚ್ಚುತ್ತದೆ. ನೆಟ್ಟಗೆ ಮಲಗಿದರೆ ಹೊಟ್ಟೆ, ಮುದುಡಿದರೆ ಎದೆ. ಹೆಂಡತಿ ಎದ್ದು ಕೂತು ನೋಡುತ್ತಿದ್ದಳು. ಏನು ಮಾಡಬೇಕು ಅಂತ ಅವಳಿಗೂ ತೋಚಲಿಲ್ಲ. ನಾಲ್ಕು ಗಂಟೆಗೆ ಒಮ್ಮೆ ಕಷ್ಟಪಟ್ಟು ಗಟ್ಟಿಯಾಗಿ ಆಯಿತು. ಆಮೇಲೆ ಬೆಳಿಗ್ಗೆ ಎಂಟರೊಳಗೆ ನಾಲ್ಕು ಸಲ ನೀರು ನೀರಾಗಿ. ಕೊನೆಯ ಸಲ ಗೋಡೆ ಹಿಡಿದುಕೊಂಡು ಹೊರಗೆ ಬಂದೆ.

ಒಟ್ಟು ನುಂಗಿದ್ದು ಒಂದೂವರೆ ಮಾತ್ರೆ. ದೊಡ್ಡವರು ರಾತ್ರಿ ಒಂದು, ಬೇಕಾದರೆ ಎರಡು ತೆಗೆದುಕೊಳ್ಳಬಹುದು ಅಂತ ಡಬ್ಬಿಯ ಮೇಲೇ ಇತ್ತು. ಹಾಗಾದರೆ ತಪ್ಪಿದ್ದೆಲ್ಲಿ?

ಅದನ್ನು ಹೇಳಿದ್ದು ಅತ್ತಿಗೆ. ಅವರು ಫಾರ್ಮಸಿಸ್ಟ್. ಅಣ್ಣನ ಮದುವೆಯಾದಾಗಿನಿಂದ ಅವರ ಹತ್ತಿರ ಹಬ್ಬ, ಮಕ್ಕಳ ಶಾಲೆ, ಹವಾಮಾನ ಬಿಟ್ಟು ಬೇರೆ ಮಾತಾಡಿದವನಲ್ಲ. ಹೆಂಡತಿ ಫೋನು ಹಚ್ಚಿ ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಟ್ಟಳು.

"ಅತ್ತಿಗೆ, ಸ್ವಲ್ಪ ಹೊಟ್ಟೆ..."

"ಎಷ್ಟು ದಿನ ಆಗಿತ್ತಪ್ಪಾ?"

ಅವರಿಗೆ ಮುಜುಗರವೇ ಇಲ್ಲ. ನಾನು ಮಾತ್ರೆಯ ಕಥೆ ಶುರು ಮಾಡುವ ಮೊದಲೇ ಪ್ರಶ್ನೆ ಮೇಲೆ ಪ್ರಶ್ನೆ. ವಾಂತಿ ಆಯ್ತಾ? ಗಾಳಿ ಹೋಗ್ತಿದೆಯಾ, ಇಲ್ವಾ? ಮಲದಲ್ಲಿ ರಕ್ತ? ಜ್ವರ? ನೋವು ಬಂದು ಬಂದು ಹೋಗುತ್ತಾ, ಒಂದೇ ಕಡೆ ಕೂತಿದೆಯಾ? ಇತ್ತೀಚೆಗೆ ತೂಕ ಇಳಿದಿದೆಯಾ? ಒಂದೊಂದಕ್ಕೂ ಉತ್ತರ ಕೊಟ್ಟ ಮೇಲೆ, "ಸರಿ, ಈಗ ಹೇಳು" ಅಂದರು.

ಆ ಪ್ರಶ್ನೆಗಳು ಯಾಕೆ ಅಂತ ಆಮೇಲೆ ಕೇಳಿದೆ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದೆ ಇದ್ದರೆ ಕರುಳು ಎಲ್ಲೋ ಮುಚ್ಚಿಕೊಂಡಿರಬಹುದು. ನೋವು ಒಂದೇ ಕಡೆ ಕೂತು ಜೋರಾಗುತ್ತಾ ಹೋದರೆ ಅಪೆಂಡಿಕ್ಸ್ ಇರಬಹುದು. ಅಂಥ ಹೊತ್ತಲ್ಲಿ ಕರುಳನ್ನು ಕೆರಳಿಸುವ ಮಾತ್ರೆ ನುಂಗಿದರೆ ಅಪಾಯ, ನೇರ ಆಸ್ಪತ್ರೆಗೇ ಹೋಗಬೇಕು. ರಕ್ತ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ವಯಸ್ಸಾದ ಮೇಲೆ ಇದ್ದಕ್ಕಿದ್ದ ಹಾಗೆ ಅಭ್ಯಾಸ ಬದಲಾಗುವುದು, ಇವಕ್ಕೂ ಅಂಗಡಿಯ ಮಾತ್ರೆ ಉತ್ತರವಲ್ಲ. ನಾನು ಇದ್ಯಾವುದನ್ನೂ ಕೇಳಿಕೊಳ್ಳದೆ ಚಾಕು ಹಿಡಿದಿದ್ದೆ.

ಚಾಕುವಿನ ಭಾಗಕ್ಕೆ ಬಂದಾಗ ಅತ್ತಿಗೆ ಒಂದು ಕ್ಷಣ ಸುಮ್ಮನಾದರು. "ಮಾತ್ರೆ ಮುರಿದ್ಯಾ?"

"ಅರ್ಧ ತಗೊಳ್ಳೋಣ ಅಂತ..."

"ಆ ಸಿಪ್ಪೆ ಇರೋದೇ ಹೊಟ್ಟೇಲಿ ಕರಗಬಾರದು ಅಂತ ಕಣಪ್ಪಾ."

ಹೊಟ್ಟೆಯ ಹುಳಿಯಲ್ಲಿ ಕರಗದ, ಮುಂದೆ ಕರುಳಿಗೆ ಹೋದ ಮೇಲೆ ಕರಗುವ ಲೇಪ ಅದು. ಬಿಸಾಕೊಡಿಲ್ ಕೆಲಸ ಮಾಡಬೇಕಾದದ್ದು ದೊಡ್ಡ ಕರುಳಿನಲ್ಲಿ. ಅಲ್ಲಿ ಗೋಡೆಯ ನರಗಳನ್ನು ಕೆರಳಿಸಿ ಕರುಳು ಹಿಂಡಿ ಹಿಂಡಿ ಮುಂದೆ ತಳ್ಳುವ ಹಾಗೆ ಮಾಡುತ್ತದೆ. ಜೊತೆಗೆ ನೀರು ಪೂರ್ತಿ ಹೀರಿಹೋಗದಂತೆ ತಡೆಯುತ್ತದೆ. ಅದೇ ಔಷಧಿ ಹೊಟ್ಟೆಯಲ್ಲೇ ಬಿಚ್ಚಿಕೊಂಡರೆ ಉರಿ, ವಾಕರಿಕೆ, ನುಲಿತ. ಅದಕ್ಕೇ ಮುರಿಯಬಾರದು, ಅಗಿಯಬಾರದು, ಪುಡಿ ಮಾಡಬಾರದು. ಹಾಲು ಮತ್ತು ಆಸಿಡಿಟಿ ಔಷಧಿ ಹೊಟ್ಟೆಯ ಹುಳಿ ತಗ್ಗಿಸುತ್ತವೆ. ಆಗ ಲೇಪ ಕರುಳು ಸೇರುವ ಮೊದಲೇ ಕರಗಿಬಿಡುತ್ತದೆ. ಅವಕ್ಕೂ ಮಾತ್ರೆಗೂ ನಡುವೆ ಒಂದು ಗಂಟೆಯಾದರೂ ಬಿಡಬೇಕು. ನಾನು ಮೊದಲನೆಯದನ್ನು ಮುರಿದೆ, ಎರಡನೆಯದನ್ನು ಹಾಲಿನ ಮೇಲೆ ಕಳಿಸಿದೆ. ಎರಡನ್ನೂ ಕೆಡಿಸಿದ್ದೆ.

"ಮತ್ತೆ ಹನ್ನೊಂದೂವರೆಗೆ ಇನ್ನೊಂದು ಯಾಕೆ?"

"ಎರಡು ಗಂಟೆ ಆದ್ರೂ ಏನೂ ಆಗಲಿಲ್ಲ ಅತ್ತಿಗೆ."

"ಆರರಿಂದ ಹನ್ನೆರಡು ಗಂಟೆ ಬೇಕು ಅದಕ್ಕೆ. ರಾತ್ರಿ ತಗೊಂಡು ಮಲಗೋದು, ಬೆಳಿಗ್ಗೆ ಎದ್ದು ಹೋಗೋದು. ಬಾಯಿಂದ ಅಷ್ಟು ದೂರ ನಡೀಬೇಕಲ್ಲ ಅದು."

ತೀರಾ ಕೊನೆಯಲ್ಲಿ, ಗುದದ ಹತ್ತಿರವೇ ಮಲ ಗಟ್ಟಿಯಾಗಿ ಕೂತಿದ್ದರೆ ಮೇಲಿನಿಂದ ತಳ್ಳುವ ಮಾತ್ರೆ ಬರೀ ನುಲಿತ ಕೊಡಬಹುದು, ಅಲ್ಲಿಗೆ ಕೆಳಗಿನಿಂದ ಇಡುವ ಸಪೊಸಿಟರಿ ವಾಸಿ ಅಂತಲೂ ಹೇಳಿದರು. ಅದು 15 ನಿಮಿಷದಿಂದ ಒಂದು ಗಂಟೆಯೊಳಗೆ ಕೆಲಸ ಮಾಡುತ್ತದೆ. ಇದನ್ನು ಅತ್ತಿಗೆಯ ಬಾಯಲ್ಲಿ ಕೇಳುವಾಗ ನಾನು ಸೀಲಿಂಗ್ ಫ್ಯಾನ್ ನೋಡುತ್ತಿದ್ದೆ.

ಆವತ್ತು ಇಡೀ ದಿನ ಓಆರ್‌ಎಸ್ ಕುಡಿದು ಮಲಗಿದೆ. ಮಾರನೇ ದಿನ ಮೋಷನ್ ಆಗಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಸಂಜೆಯಾಗುತ್ತಲೇ ಎದೆ ಢವಗುಟ್ಟಲು ಶುರು. ಮತ್ತೆ ಅದೇ ಕಥೆಯಾ? ಡ್ರಾಯರ್ ಎಳೆದು ಸ್ಟ್ರಿಪ್ಪು ತೆಗೆದೆ. ಒತ್ತುವ ಮೊದಲು ಈ ಸಲ ಮೆಸೇಜ್ ಹಾಕಿದೆ. ಅತ್ತಿಗೆಯೇ ಫೋನ್ ಮಾಡಿದರು.

"ಒಳಗೆ ಏನಿದೆ ಅಂತ ಬರಬೇಕಪ್ಪಾ? ಮೊನ್ನೆ ಐದು ಸಲ ಹೋಗಿ ಖಾಲಿ ಮಾಡಿದ್ದೀಯ. ತುಂಬೋಕೆ ಎರಡು ಮೂರು ದಿನ ಬೇಡ್ವಾ?"

ನನಗೆ ಈ ಇಡೀ ಅನುಭವದಲ್ಲಿ ತಟ್ಟಿದ ಮಾತು ಇದು. ಜೋರು ಭೇದಿಯಾದ ಮೇಲೆ ಒಂದೆರಡು ದಿನ ಕರುಳಲ್ಲಿ ಹೊರಹಾಕಲು ಏನೂ ಇರುವುದಿಲ್ಲ. ಅದನ್ನು ಮಲಬದ್ಧತೆ ಮರಳಿ ಬಂತು ಅಂತ ತಿಳಿದು ಇನ್ನೊಂದು ಮಾತ್ರೆ ನುಂಗುತ್ತೇವೆ. ಮತ್ತೆ ಖಾಲಿ. ಮತ್ತೆ ಎರಡು ದಿನ ಇಲ್ಲ. ಮತ್ತೆ ಮಾತ್ರೆ. ಕೊನೆಗೆ, ಮಾತ್ರೆ ಇಲ್ಲದೆ ನನಗೆ ಆಗುವುದೇ ಇಲ್ಲ ಅಂತ ನಂಬಿಬಿಡುತ್ತೇವೆ. ಎಷ್ಟೋ ಜನ ಈ ಸುಳಿಗೆ ಬಿದ್ದಿರುವುದು ಹೀಗೇ ಅಂತ ಅತ್ತಿಗೆ ಹೇಳಿದರು. ದಿನಾ ಆಗಲೇಬೇಕು ಅನ್ನುವ ಹಟವೂ ಇದಕ್ಕೆ ಸೇರಿಕೊಳ್ಳುತ್ತದೆ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ, ಕಷ್ಟವಿಲ್ಲದೆ ಆಗುತ್ತಿದ್ದರೆ. ನನಗಂತೂ ಬುದ್ಧಿ ಬಂದಾಗಿನಿಂದ ಬೆಳಿಗ್ಗೆ ಆರೂವರೆಗೆ ಆಗಬೇಕು. ಆ ಗಡಿಯಾರ ಸುಮ್ನೆ ನಾನೇ ಇಟ್ಟುಕೊಂಡಿದ್ದು.

ಸ್ಟ್ರಿಪ್ಪನ್ನು ಡ್ರಾಯರಿಗೆ ವಾಪಸ್ ಹಾಕಿದೆ.

ಮೂರನೇ ದಿನ ಡಾಕ್ಟರ ಹತ್ತಿರ ಹೋಗುವುದಿತ್ತು. ನಡೆದದ್ದನ್ನು ಹೇಳಿದೆ. ಅವರು ಟ್ರಮಡಾಲನ್ನು ರಾತ್ರಿಗೆ ಒಂದಕ್ಕೆ ಇಳಿಸಿ, ಹಗಲಿಗೆ ಪ್ಯಾರಸಿಟಮಾಲ್ ಬರೆದರು. ಟ್ರಮಡಾಲ್ ಇರುವಷ್ಟು ದಿನ ರಾತ್ರಿ ಸೆನ್ನಾ ಮಾತ್ರೆ ತೆಗೆದುಕೊಳ್ಳಿ ಅಂದರು. ಒಂದು ವಾರಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ ಓದಿದ್ದೆನಲ್ಲ ಅಂದೆ. ಅದು ನೀವೇ ಅಂಗಡಿಯಿಂದ ತಂದು ನುಂಗುವಾಗಿನ ಲೆಕ್ಕ, ಏಳು ದಿನದಲ್ಲೂ ಸರಿಹೋಗದಿದ್ದರೆ ತೋರಿಸಿಕೊಳ್ಳಬೇಕು ಅಂತ ಅದರ ಅರ್ಥ, ಈಗ ನಾನು ನೋಡುತ್ತಿದ್ದೇನಲ್ಲ ಅಂದರು.

ಸೆನ್ನಾ ಅಂದರೆ ನಮ್ಮ ಸೋನಾಮುಖಿಯೇ. ಗಿಡದ್ದು, ಹಾಗಾಗಿ ಮೃದು ಅಂತ ಸಮಾಧಾನ ಮಾಡಿಕೊಂಡೆ. ಅತ್ತಿಗೆ ಅದನ್ನೂ ಕೆಡಿಸಿದರು. ಗಿಡದಿಂದ ಬಂದರೂ ಅದು ಇದೇ ಗುಂಪಿನದು, ಕರುಳನ್ನು ಕೆರಳಿಸಿಯೇ ಕೆಲಸ ಮಾಡಿಸುವುದು. ಹರಳೆಣ್ಣೆಯೂ ಅಷ್ಟೇ. ಸೊಪ್ಪನ್ನು ಕುದಿಸಿ ಕುಡಿದರೆ ಎಷ್ಟು ಔಷಧಿ ಒಳಗೆ ಹೋಯಿತು ಅಂತ ಅಳತೆಯೇ ಸಿಗುವುದಿಲ್ಲ. ಮಾತ್ರೆಯಾದರೆ ಸೆನ್ನೋಸೈಡ್ ಇಷ್ಟು ಮಿ.ಗ್ರಾಂ ಅಂತ ಬರೆದಿರುತ್ತದೆ. ಅದೂ ಒಂದು ಕಂಪನಿಯದು 7.5 ಇದ್ದರೆ ಇನ್ನೊಂದರದ್ದು 8.6. ಕಂಪನಿ ಬದಲಾದರೆ ಎಷ್ಟು ಮಾತ್ರೆ ಅನ್ನುವುದನ್ನು ಹೊಸದಾಗಿ ಓದಿಕೊಳ್ಳಬೇಕು.

ಸೆನ್ನಾದ ಎರಡನೇ ಬೆಳಿಗ್ಗೆ ಮೂತ್ರ ಕಂದು ಕೆಂಪಾಗಿ ಹೋಯಿತು. ಮೂತ್ರಪಿಂಡವೂ ಹೋಯಿತು ಅಂದುಕೊಂಡೆ. ಪೊಟ್ಟಣದೊಳಗಿನ ಕಾಗದ ಬಿಚ್ಚಿದರೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದೇ ಇತ್ತು: ಮೂತ್ರದ ಬಣ್ಣ ಬದಲಾಗಬಹುದು, ಅಪಾಯವಿಲ್ಲ. ಆ ಕಾಗದ ಮೊದಲೇ ಬಿಚ್ಚುವ ಅಭ್ಯಾಸ ಇದ್ದಿದ್ದರೆ ಇಷ್ಟು ಉದ್ದ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಇದೆಲ್ಲ ನಡೆಯುವಾಗ ಅಮ್ಮ ಒಂದು ಸಂಜೆ ಮೆಲ್ಲಗೆ ಬಂದು, "ನಂಗೂ ಒಂದು ಕೊಡೋ ಅದನ್ನ, ಎರಡು ದಿನದಿಂದ ಸರಿಯಾಗಿ ಆಗ್ತಿಲ್ಲ" ಅಂದಳು. ಕೊಟ್ಟೇಬಿಡುತ್ತಿದ್ದೆ. ಅಮ್ಮನಿಗೆ ಬಿಪಿ. ಮೂತ್ರ ಜಾಸ್ತಿ ಹೋಗುವ ಹಾಗೆ ಮಾಡುವ ಮಾತ್ರೆ ಒಂದಿದೆ. ಅತ್ತಿಗೆಯನ್ನು ಕೇಳಿದರೆ ಬೇಡವೇ ಬೇಡ ಅಂದರು. ಆ ಬಿಪಿ ಮಾತ್ರೆ ಮೂತ್ರದಲ್ಲಿ ಪೊಟ್ಯಾಸಿಯಂ ಕಳೆಯುತ್ತದೆ, ಭೇದಿಯಾದರೆ ಅಲ್ಲಿಯೂ ಹೋಗುತ್ತದೆ. ಎರಡೂ ಸೇರಿದರೆ ಸುಸ್ತು, ಸೆಳೆತ, ಕೊನೆಗೆ ಎದೆಬಡಿತದ ಏರುಪೇರು. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇನ್ನೂ ಅಪಾಯ. ಸ್ಟೆರಾಯ್ಡ್ ತೆಗೆದುಕೊಳ್ಳುವವರೂ ಕೇಳಿಯೇ ನುಂಗಬೇಕು. ಮಕ್ಕಳಿಗೆ, ಬಸುರಿಯರಿಗೆ ಡಾಕ್ಟರು ಹೇಳದೆ ಕೊಡುವಂತಿಲ್ಲ. "ಎರಡು ದಿನ ಒಂದು ಕಾಯಿಲೆನಾ? ಅತ್ತೆಗೆ ನೀರು ಜಾಸ್ತಿ ಕುಡಿಯೋಕೆ ಹೇಳು, ನಡೆದಾಡಿಸು. ಆಗಲಿಲ್ಲ ಅಂದ್ರೆ ಅವರ ಡಾಕ್ಟರನ್ನ ಕೇಳೋಣ" ಅಂದರು. ಅಮ್ಮನಿಗೆ ಮೂರನೇ ದಿನ ತಾನಾಗಿ ಆಯಿತು. ಮಾತ್ರೆ ಕೊಡದಿದ್ದಕ್ಕೆ ಸಿಟ್ಟು ಮಾತ್ರ ವಾರ ಪೂರ್ತಿ ಇತ್ತು.

ನನ್ನ ಜೊತೆ ಕೆಲಸ ಮಾಡುವವನೊಬ್ಬ ನೋಡಲು ಬಂದಾಗ, "ಒಳ್ಳೇದಾಯ್ತು ಬಿಡು, ತೂಕ ಇಳಿದಿರತ್ತೆ" ಅಂದ. ಇಳಿದಿತ್ತು, ಒಂದೂವರೆ ಕಿಲೋ. ನೀರು ಕುಡಿದ ಮೇಲೆ ಮರಳಿ ಬಂತು. ತಿಂದದ್ದರ ಸಾರ ಸಣ್ಣ ಕರುಳಿನಲ್ಲೇ ಮೈಗೆ ಸೇರಿಹೋಗಿರುತ್ತದೆ. ಈ ಮಾತ್ರೆ ಕೆಲಸ ಶುರು ಮಾಡುವುದು ಆಮೇಲಿನ ದೊಡ್ಡ ಕರುಳಿನಲ್ಲಿ. ಕಳೆಯುವುದು ನೀರು, ಉಪ್ಪು. ತೂಕಕ್ಕೆ ಅಂತ ಇದನ್ನು ನುಂಗಿ ಆರೋಗ್ಯ ಕೆಡಿಸಿಕೊಳ್ಳುವವರು ಇದ್ದಾರೆ ಅಂತಲೇ ಬ್ರಿಟನ್ನಿನಲ್ಲಿ 2020ರಲ್ಲಿ ಚೀಟಿಯಿಲ್ಲದೆ ಮಾರುವ ಪೊಟ್ಟಣದ ಗಾತ್ರವನ್ನೇ ಚಿಕ್ಕದು ಮಾಡಿದರು.

ಇನ್ನೊಂದು ಭಯ ನನಗೇ ಇತ್ತು. ಈ ಮಾತ್ರೆಗೆ ಕರುಳು ಸೋಮಾರಿಯಾಗುತ್ತದೆ, ನರ ಸತ್ತುಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ. ಡಾಕ್ಟರು ಅದಕ್ಕೆ ತಲೆ ಅಲ್ಲಾಡಿಸಿದರು. ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ನರ ಹಾಳಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಸೆನ್ನಾವನ್ನು ಬಹಳ ಕಾಲ ತೆಗೆದುಕೊಂಡವರ ಕರುಳಿನ ಒಳಗೋಡೆ ಕಪ್ಪಾಗುವುದುಂಟು, ಅದೂ ಬಿಟ್ಟ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಹಾಗಂತ ಈ ಗುಂಪಿನಲ್ಲಿ ಎಲ್ಲವೂ ಒಳ್ಳೆಯವೇ ಅಂತಲ್ಲ. ಫಿನಾಲ್ಫ್ತಲೀನ್ ಅನ್ನುವ ಒಂದನ್ನು ದಶಕಗಳ ಕಾಲ ಮಾರಿ, ಕ್ಯಾನ್ಸರಿನ ಅನುಮಾನ ಬಂದ ಮೇಲೆ ಅಮೆರಿಕದಲ್ಲಿ 1999ರಲ್ಲಿ ಮಾರಾಟ ನಿಲ್ಲಿಸಿದರು. ಶಾಲೆಯ ಲ್ಯಾಬಿನಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತಲ್ಲ, ಅದೇ. ಅದನ್ನು ಜನ ಭೇದಿಗೆ ತಿನ್ನುತ್ತಿದ್ದರು ಅಂತ ಕೇಳಿ ನನಗೆ ಟೆಸ್ಟ್ ಟ್ಯೂಬ್ ಕಣ್ಣ ಮುಂದೆ ಬಂತು.

ಮೂರನೇ ವಾರಕ್ಕೆ ಟ್ರಮಡಾಲ್ ನಿಂತಿತು, ಸೆನ್ನಾವೂ ನಿಂತಿತು. ಆಮೇಲೆ ಒಂದು ಸಲ ಮಾತ್ರ, ನಾಲ್ಕು ದಿನ ಆಗದೇ ಇದ್ದಾಗ, ಬಿಸಾಕೊಡಿಲ್ ತೆಗೆದುಕೊಂಡೆ. ಈ ಸಲ ಇಡೀ ಮಾತ್ರೆ, ಒಂದೇ ಒಂದು. ಊಟವಾಗಿ ಎರಡು ಗಂಟೆ ಬಿಟ್ಟು, ರಾತ್ರಿ ಹತ್ತಕ್ಕೆ, ದೊಡ್ಡ ಲೋಟ ನೀರಿನ ಜೊತೆ. ಹಾಲು ಮುಟ್ಟಲಿಲ್ಲ. ಹನ್ನೆರಡಕ್ಕೆ ಎಚ್ಚರವಾಗಿ ಇನ್ನೂ ಏನೂ ಇಲ್ಲವಲ್ಲ ಅನ್ನಿಸಿತು. ಮಗ್ಗುಲು ತಿರುಗಿ ಮಲಗಿದೆ. ಬೆಳಿಗ್ಗೆ ಎದ್ದು ಏನೋ ಬಿಸಿಯದು ಕುಡಿದು ಸ್ವಲ್ಪ ತಿಂದೆ. ಹೊಟ್ಟೆಗೆ ಏನಾದರೂ ಬಿದ್ದರೆ ದೊಡ್ಡ ಕರುಳು ತಾನಾಗಿ ಕದಲುತ್ತದೆ, ಆ ಹೊತ್ತು ಬಿಡಬೇಡ ಅಂದಿದ್ದರು ಅತ್ತಿಗೆ. ಕಮೋಡಿನ ಮುಂದೆ ಮಗಳ ಪುಟ್ಟ ಸ್ಟೂಲಿಟ್ಟು ಪಾದ ಅದರ ಮೇಲಿಟ್ಟೆ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಒಳಗಿನ ದಾರಿಯ ಬಾಗು ನೆಟ್ಟಗಾಗುತ್ತದಂತೆ. ಏಳೂಕಾಲಿಗೆ ಹೊಟ್ಟೆ ಸಣ್ಣಗೆ ಒಮ್ಮೆ ಹಿಂಡಿತು. ತಿಣುಕುವ ಮೊದಲೇ ಆಗಿಹೋಯಿತು. ಪಕ್ಕೆಲುಬಿಗೆ ಗೊತ್ತೇ ಆಗಲಿಲ್ಲ.

ಅತ್ತಿಗೆ ವರದಿ ಕೇಳಿದ್ದರು. ಏನಂತ ಬರೆಯುವುದು? ಅದಕ್ಕೂ ಅವರೇ ದಾರಿ ತೋರಿಸಿದ್ದರು. ಬ್ರಿಸ್ಟಲ್ ಚಾರ್ಟ್ ಅಂತ ಒಂದಿದೆ, 1997ರಲ್ಲಿ ಪ್ರಕಟವಾದದ್ದು. ಮಲ ಹೇಗಿದೆ ಅಂತ ನೋಡಿ ಒಂದರಿಂದ ಏಳರವರೆಗೆ ನಂಬರು. ಒಂದು ಅಂದರೆ ನನ್ನ ಐದನೇ ದಿನದ ಕಲ್ಲು. ಏಳು ಅಂದರೆ ಆ ರಾತ್ರಿಯ ನೀರು. ನಾಲ್ಕು ಅಂದರೆ ನುಣುಪು, ಮೆತ್ತಗೆ, ಹೇಗಿರಬೇಕೋ ಹಾಗೆ. ಮಾತೇ ಬೇಡ, ನಂಬರು ಕಳಿಸು ಸಾಕು ಅಂದಿದ್ದರು.

"4" ಅಂತ ಕಳಿಸಿದೆ. ಹೆಬ್ಬೆರಳು ಬಂತು.

ಅರ್ಧ ಗಂಟೆಗೆ ಅಣ್ಣನ ಫೋನು. "ಏನೋ ಅದು, ನಿಮ್ಮತ್ತಿಗೆಗೆ ದಿನಾ ನಂಬರು ಕಳಿಸ್ತೀಯ? ಏನು ಲೆಕ್ಕ?"